ಬಾಗಿಲ ಮುಂದಿನ ಹುಲ್ಲು

ನಾನು ಬೆಳೆದದ್ದು ದೇವರಮನೆ ಗುಡ್ಡದ ಕೆಳಗೆ. ಈಗ ಬರುವವರಿಗೆ ಅದು ಮಂಜಿನ ಜಾಗ. ಕಾಲಭೈರವೇಶ್ವರನ ಗುಡಿ, ಪಕ್ಕದಲ್ಲಿ ಕೆರೆ, ಸುತ್ತ ಕಣ್ಣು ಹಾಯುವವರೆಗೂ ಹುಲ್ಲಿನ ಗುಡ್ಡಗಳು. ನಮಗೆ ಮಾತ್ರ ಅದು ದನ ಹೊಡೆಯುವ ಗುಡ್ಡ. ಮಳೆಗಾಲ ಮುಗಿದು ದೀಪಾವಳಿ ಹತ್ತಿರವಾಗುವ ಹೊತ್ತಿಗೆ ಅಲ್ಲಿ ಹುಲ್ಲು ನನ್ನ ಎದೆಯೆತ್ತರಕ್ಕೆ ಬಂದಿರುತ್ತಿತ್ತು. ನಮ್ಮ ಗಿಡ್ಡ ದನಗಳು ಅದರೊಳಗೆ ಇಳಿದರೆ ಬೆನ್ನೂ ಕಾಣುತ್ತಿರಲಿಲ್ಲ. ಕೊರಳಿನ ಮರದ ಗಂಟೆಯ ಸದ್ದು ಹಿಡಿದು ಹುಡುಕಬೇಕಿತ್ತು. ಹುಲ್ಲು ಎಂದರೆ ಹೀಗಿರಬೇಕು ಎನ್ನುವುದು ಆಗಲೇ ನನ್ನ ಕಣ್ಣಿನಲ್ಲಿ ಕೂತುಬಿಟ್ಟಿತು. ಅದು ಅಲ್ಲಿ ಕೂತಿದೆ ಎಂದು ತಿಳಿಯಲು ನನಗೆ ಇಪ್ಪತ್ತಾರು ವರ್ಷ ಬೇಕಾಯಿತು. ಅಷ್ಟರಲ್ಲಿ ಇನ್ನೊಬ್ಬರ ಕುರಿಗಳು ಮಾರಾಟವಾಗಿಹೋಗಿದ್ದವು.

2013ರಲ್ಲಿ, ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದ ನನಗೆ ಎಂಟು ತಿಂಗಳ ಒಂದು ಕೆಲಸ ಸಿಕ್ಕಿತು. ಕಡೂರು ತಾಲ್ಲೂಕಿನ ಒಂದು ಅಮೃತಮಹಲ್ ಕಾವಲಿನಲ್ಲಿ ಹುಲ್ಲಿನ ಸ್ಥಿತಿ ಹೇಗಿದೆ, ಮೇಯಿಸುವುದು ಮಿತಿ ಮೀರಿದೆಯೇ ಎಂದು ನೋಡಿ ವರದಿ ಕೊಡಬೇಕು. ಜಿಲ್ಲೆ ನನ್ನದೇ. ಆದರೆ ಆ ಜಿಲ್ಲೆಯೊಳಗೆ ಎರಡು ದೇಶಗಳಿವೆ. ನಮ್ಮ ಮೂಡಿಗೆರೆಯಲ್ಲಿ ಬೀಳುವ ಮಳೆ ಕಡೂರಿನ ಮೂರು-ನಾಲ್ಕು ಪಟ್ಟು. ಕಡೂರಿಗೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಬಿದ್ದರೆ ಜನ ದೇವರಿಗೆ ಕೈ ಮುಗಿಯುತ್ತಾರೆ. ಬಾಬಾಬುಡನ್ ಗಿರಿ ಸಾಲಿನ ಮಳೆನೆರಳಿನಲ್ಲಿ ಮಲಗಿರುವ ಬಯಲು ಅದು.

ಕಾವಲುಗಳ ಕಥೆಯನ್ನು ನಾನು ಓದಿಕೊಂಡೇ ಹೋಗಿದ್ದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ಹಾಲು ಬೆಣ್ಣೆಗೆಂದು ‘ಬೆಣ್ಣೆ ಚಾವಡಿ’ಯಾಗಿದ್ದ ದನದ ಇಲಾಖೆ ಟಿಪ್ಪುವಿನ ಕಾಲಕ್ಕೆ ‘ಅಮೃತ ಮಹಲ್’ ಆಯಿತು. ಹಾಲಿಗಿಂತ ಹೆಚ್ಚಾಗಿ ದಂಡಿನ ಬಂಡಿ ಎಳೆಯುವ ಎತ್ತುಗಳಿಗಾಗಿ ಆ ತಳಿಯನ್ನು ಸಾಕಿದರು. 1799ರ ನಂತರ ಇಂಗ್ಲಿಷರೂ ಅದನ್ನೇ ಬಯಸಿದರು. ದನಗಳಿಗೆಂದು ಮೀಸಲಿಟ್ಟ ಕಾವಲುಗಳು ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆ ದಾಟಿದ್ದವು ಎನ್ನುತ್ತವೆ ಹಳೆಯ ಲೆಕ್ಕಗಳು. ಉಳುಮೆಗೆ, ನೀಲಗಿರಿ ತೋಪಿಗೆ, ಕಾರ್ಖಾನೆಗೆ, ಸಂಸ್ಥೆಗಳಿಗೆ ಹೋಗಿ ಈಗ ಅದರ ಸಣ್ಣ ಪಾಲು ಮಾತ್ರ ಉಳಿದಿದೆ. ಕಡೂರಿನ ಬಾಸೂರು ಕಾವಲನ್ನು 2011ರಲ್ಲಿ ಕೃಷ್ಣಮೃಗಗಳಿಗಾಗಿ ಸಂರಕ್ಷಣಾ ಮೀಸಲು ಎಂದು ಸಾರಿದರು. ಅದು ಏಳು ಚದರ ಕಿಲೋಮೀಟರಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ನಾನು ಹೋದದ್ದು ಅಲ್ಲಿಗಲ್ಲ, ಹೆಸರಿಲ್ಲದ ಇನ್ನೊಂದು ಕಾವಲಿಗೆ. ಓದಿದ ಪುಸ್ತಕದಲ್ಲಿ ಇನ್ನೂ ಒಂದು ವಿವರ ಇತ್ತು. ಹಳೆಯ ಕಾಲದಲ್ಲಿ ಕಾವಲುಗಳನ್ನು ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿದ್ದರಂತೆ. ಆ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೆ. ಅರ್ಥವಾಗಿ ಎಳೆದದ್ದಲ್ಲ, ಸ್ವಾರಸ್ಯವಾಗಿ ಕಂಡಿತ್ತು.

ಆ ಏಪ್ರಿಲಿನಲ್ಲಿ ನಮ್ಮ ತೋಟಕ್ಕೆ ಹೂಮಳೆ ಬಿದ್ದು ಕಾಫಿ ಗಿಡಗಳು ಬೆಳ್ಳಗೆ ಅರಳಿದ್ದವು. ಆ ವಾಸನೆ ಅಂಗಿಯಲ್ಲಿ ಇರುವಾಗಲೇ ಹೊರಟೆ. ಚಿಕ್ಕಮಗಳೂರು ದಾಟಿ ಸಖರಾಯಪಟ್ಟಣದ ಕಡೆ ಇಳಿಯುವಾಗ ಗಾಳಿ ಬದಲಾಯಿತು. ಹಸಿರು ಹಿಂದೆ ಸರಿದು ತೆಂಗು ಬಂತು, ತೆಂಗೂ ಹಿಂದೆ ಸರಿದು ಬರೀ ಹೊಲ ಬಂತು. ಹಿಂದಿನ ಎರಡು ವರ್ಷ ಬರ ಬಿದ್ದಿತ್ತು. ಕಾವಲಿನ ಅಂಚಿನಲ್ಲಿ ಜೀಪಿನಿಂದ ಇಳಿದಾಗ ಮುಂದೆ ಕಂಡದ್ದು ಕೆಂಪು ಮಣ್ಣು, ಜಲ್ಲಿಕಲ್ಲು, ಅಲ್ಲೊಂದು ಇಲ್ಲೊಂದು ಜಾಲಿ. ನಡುವೆ ಬೂದಿ ಬಣ್ಣದ ಕೂಳೆಗಳು. ದೂರದಲ್ಲಿ ಧೂಳೆಬ್ಬಿಸಿಕೊಂಡು ಒಂದು ಕುರಿಮಂದೆ ಹೋಗುತ್ತಿತ್ತು.

ಈ ಭೂಮಿಯನ್ನು ಮೇಯಿಸಿ ಕೊಂದಿದ್ದಾರೆ ಎಂದು ಆ ಕ್ಷಣದಲ್ಲೇ ನನಗೆ ಅನಿಸಿತು. ಅದು ಅನಿಸಿಕೆಯಾಗಿ ಉಳಿದಿದ್ದರೆ ಏನೂ ಆಗುತ್ತಿರಲಿಲ್ಲ. ತೀರ್ಪಾಯಿತು. ಮುಂದಿನ ಹನ್ನೆರಡು ದಿನ ನಾನು ಅಳೆದದ್ದು ಭೂಮಿಯನ್ನಲ್ಲ, ಆ ತೀರ್ಪಿಗೆ ಬೇಕಾದ ಸಾಕ್ಷಿಯನ್ನು. ಆಗ ಇದು ಗೊತ್ತಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ಅಷ್ಟು ಪೂರ್ತಿಯಾಗಿ ಗೊತ್ತಿಲ್ಲದೆಯೂ ಇರಲಿಲ್ಲ.

ಅಳೆಯುವ ಕ್ರಮ ಸರಳ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕಟ್ಟನ್ನು ನೆಲದ ಮೇಲೆ ಇಟ್ಟು, ಅದರೊಳಗೆ ಎಷ್ಟು ಪಾಲು ಹುಲ್ಲು, ಎಷ್ಟು ಬರೀ ಮಣ್ಣು, ಎಷ್ಟು ಕಲ್ಲು, ಯಾವ ಯಾವ ಜಾತಿ ಎಂದು ಬರೆದುಕೊಳ್ಳಬೇಕು. ಎಲ್ಲಿಡಬೇಕು ಎನ್ನುವುದನ್ನು ಮೊದಲೇ ನಕ್ಷೆಯ ಮೇಲೆ ಚೀಟಿ ಎತ್ತಿದ ಹಾಗೆ ಆರಿಸಿಕೊಂಡಿರಬೇಕು. ನಾನೂ ಆರಿಸಿದ್ದೆ. ಆದರೆ ಆ ಬಿಸಿಲಿನಲ್ಲಿ ಜೀಪು ಹೋಗಿ ನಿಲ್ಲುತ್ತಿದ್ದದ್ದು ಗೋಕಟ್ಟೆಯ ಹತ್ತಿರ. ಅಲ್ಲೊಂದು ಹೊಂಗೆ ಮರದ ನೆರಳಿತ್ತು, ಕಟ್ಟೆಯ ತಳದಲ್ಲಿ ಇನ್ನೂ ಒಂದಿಷ್ಟು ಕೆಸರು ನೀರಿತ್ತು. ಮೊದಲ ದಿನ ನಕ್ಷೆಯ ಗುರುತುಗಳ ಹಿಂದೆ ಒಂದೂವರೆ ಕಿಲೋಮೀಟರ್ ನಡೆದೆ. ಎರಡನೆಯ ದಿನದಿಂದ ಕಟ್ಟೆಯ ಸುತ್ತಲೇ ಇಟ್ಟೆ. ಎಲ್ಲಾ ಕಡೆ ಒಂದೇ ತೆರ ಇದೆಯಲ್ಲ ಎಂದು ಮನಸ್ಸಿಗೆ ಹೇಳಿಕೊಂಡೆ. ನಲವತ್ತು ಚೌಕಗಳಲ್ಲಿ ಮೂವತ್ತನಾಲ್ಕು ಆ ಕಟ್ಟೆಯಿಂದ ನಾನೂರು ಹೆಜ್ಜೆಯೊಳಗೆ ಬಿದ್ದಿದ್ದವು.

ಜಾತಿ ಬರೆಯುವ ಕಾಲಂ ಒಂದಿತ್ತು. ನನ್ನ ಚೀಲದಲ್ಲಿ ದಬಡ್‌ಘಾವ್ ಮತ್ತು ಶಂಕರನಾರಾಯಣ್ ಅವರು 1973ರಲ್ಲಿ ತಂದ, ಭಾರತದ ಹುಲ್ಲುಹೊದಿಕೆಯ ಮೇಲಿನ ಪುಸ್ತಕದ ಝೆರಾಕ್ಸ್ ಇತ್ತು. ದೇಶದ ಹುಲ್ಲುಗಾವಲುಗಳನ್ನು ಅವರು ಐದು ಬಗೆಯಾಗಿ ವಿಂಗಡಿಸಿದ್ದಾರೆ. ನಮ್ಮ ದಖನ್ನಿನ ಬಯಲು ಸೆಹಿಮಾ–ಡೈಕ್ಯಾಂಥಿಯಂ ಬಗೆಗೆ ಸೇರುತ್ತದೆ. ಆ ಎರಡು ಹುಲ್ಲುಗಳು ಇದ್ದರೆ ನೆಲ ಚೆನ್ನಾಗಿದೆ ಎಂದು ಅರ್ಥ, ಅವು ಹೋಗಿ ಬೇರೆಯವು ಬಂದರೆ ಎಷ್ಟು ಮೆಟ್ಟಿಲು ಇಳಿದಿದೆ ಎಂದು ಹೇಳಬಹುದು. ಆದರೆ ಏಪ್ರಿಲಿನ ಆ ಕೂಳೆಗಳಿಗೆ ತೆನೆಯಿಲ್ಲ, ಎಲೆಯಿಲ್ಲ. ಮೂವತ್ತೊಂದು ಚೌಕಗಳಲ್ಲಿ ಆ ಕಾಲಮ್ಮಿನ ಎದುರು ನಾನು ಬರೆದದ್ದು ‘ಗುರುತಿಸಲಾಗದು’ ಎಂದು. ಆ ಕಾಗದಗಳು ಈಗಲೂ ನನ್ನ ಹತ್ತಿರ ಇವೆ. ಒಂದೇ ಕೈಬರಹದಲ್ಲಿ ಮೂವತ್ತೊಂದು ಸಲ, ಗುರುತಿಸಲಾಗದು. ಅಷ್ಟು ಬರೆದ ಮೇಲೂ ಆ ನೆಲದ ಬಗ್ಗೆ ನಾಲ್ಕು ಪುಟ ಬರೆಯಲು ನನ್ನ ಕೈ ತಡೆಯಲಿಲ್ಲ.

ಇಡೀ ಕಾವಲಿನಲ್ಲಿ ಒಂದೇ ಒಂದು ಮೂಲೆ ಹಸಿರಾಗಿತ್ತು. ಕುರಿಯವರ ಹಟ್ಟಿಗೂ ಟಾರು ರಸ್ತೆಗೂ ನಡುವೆ ಇರುವ ಜಾಗ. ಅಲ್ಲಿ ಮೊಣಕಾಲೆತ್ತರದ ಪೊದೆಗಳು, ಅವುಗಳ ಮೇಲೆ ಹಳದಿ ಹೂ, ಬುಡದಲ್ಲಿ ಸಣ್ಣ ಕಡ್ಡಿಯಂಥ ಹುಲ್ಲು. ಅಲ್ಲಿ ಎರಡು ಚೌಕ ಇಟ್ಟೆ. ನೆಲ ಮುಚ್ಚಿದ ಪಾಲು ಚೆನ್ನಾಗಿಯೇ ಬಂತು. ನಕ್ಷೆಯಲ್ಲಿ ಆ ಮೂಲೆಗೆ ಹಸಿರು ಬಣ್ಣ ಹಚ್ಚಿದೆ. ಉಳಿದದ್ದಕ್ಕೆಲ್ಲ ಕೆಂಪು.

ವರದಿಯಲ್ಲಿ ನಾನು ಹೇಳಿದ್ದು ಇಷ್ಟು: ಕಾವಲು ತೀವ್ರವಾಗಿ ಸವೆದಿದೆ. ಮೂರು ವರ್ಷ ಕುರಿ ಬಿಡುವುದನ್ನು ನಿಲ್ಲಿಸಬೇಕು. ಅಲ್ಲಿಯವರೆಗೆ ಹಟ್ಟಿಯವರು ಸುಸ್ಥಿತಿಯಲ್ಲಿರುವ ರಸ್ತೆ ಬದಿಯ ಭಾಗವನ್ನು ಬಳಸಿಕೊಳ್ಳಬಹುದು. ಆ ಕೊನೆಯ ವಾಕ್ಯ ಬರೆದಾಗ ನನಗೆ ನನ್ನ ಬಗ್ಗೆ ಒಳ್ಳೆಯ ಭಾವನೆ ಬಂದಿತ್ತು. ಕುರಿಯವರ ಹೊಟ್ಟೆಯ ಮೇಲೆ ಹೊಡೆಯದೆ ದಾರಿ ತೋರಿಸಿದ್ದೇನೆ ಎಂದುಕೊಂಡಿದ್ದೆ.

ವರದಿ ಕಳಿಸಿದ ಮೇಲೆ ಊರಿನವರಿಗೂ ವಿಷಯ ತಿಳಿಸಬೇಕು ಎಂದು ಹಟ್ಟಿಯ ಅರಳಿಕಟ್ಟೆಯಲ್ಲಿ ಸಭೆ ಸೇರಿಸಿದೆವು. ಮೊದಲು ಕೇಳಿ ಆಮೇಲೆ ಬರೆಯಬೇಕಿತ್ತು. ನಾನು ಬರೆದು ಆಮೇಲೆ ತಿಳಿಸಲು ಹೋದೆ. ಇಪ್ಪತ್ತು-ಇಪ್ಪತ್ತೈದು ಜನ ಬಂದಿದ್ದರು. ನಕ್ಷೆ ಬಿಡಿಸಿ ಕೆಂಪು, ಹಸಿರು ತೋರಿಸಿ ಮಾತಾಡಿದೆ. ಕಂಬಳಿ ಹೊದ್ದ ಒಬ್ಬ ಅಜ್ಜ ಮುಂದಿನ ಸಾಲಿನಲ್ಲಿ ಕೂತಿದ್ದರು. ನಾನು ಮುಗಿಸುವವರೆಗೂ ಸುಮ್ಮನೆ ಕೇಳಿದರು. ಆಮೇಲೆ ಎದ್ದು ಬಂದು ನಕ್ಷೆಯ ಹತ್ತಿರ ಬಗ್ಗಿದರು.

“ಈ ಚುಕ್ಕಿ ಏನು ಸಾಮಿ?”

“ಅಲ್ಲೆಲ್ಲ ಚೌಕ ಇಟ್ಟು ಅಳತೆ ಮಾಡಿದ್ದೀವಿ ಅಜ್ಜ.”

“ಎಲ್ಲಾ ಕಟ್ಟೆ ಸುತ್ತಲೇ ಅವಲ್ಲ.”

ನಾನು ಏನೋ ಹೇಳಿದೆ. ಮಾದರಿ, ಸರಾಸರಿ ಎಂಬ ಮಾತುಗಳನ್ನೆಲ್ಲ ಬಳಸಿದೆ. ಅವರು ತಲೆಯಾಡಿಸಿದರು.

“ದಿನಾ ಸಾವಿರ ಕುರಿ, ದನ, ಎಲ್ಲಾ ನೀರಿಗೆ ಬರೋ ಜಾಗ ಅದು. ಮನೆ ಬಾಗ್ಲಲ್ಲಿ ಹುಲ್ಲು ಬೆಳೆದೈತೆ ಅಂದ್ರೆ ಆ ಮನೇಲಿ ಜನ ಇಲ್ಲ ಅಂತ ಅರ್ಥ. ಬಾಗ್ಲು ನೋಡಿ ಹೊಲದ ಲೆಕ್ಕ ಬರೆದ್ರೆ ಹೆಂಗೆ ಸಾಮಿ?”

ಯಾರೂ ನಗಲಿಲ್ಲ. ನಕ್ಕಿದ್ದರೆ ನನಗೆ ಸಿಟ್ಟು ಮಾಡಿಕೊಳ್ಳಲು ಒಂದು ಕಾರಣ ಸಿಗುತ್ತಿತ್ತು. ಎಲ್ಲರೂ ನನ್ನ ಉತ್ತರಕ್ಕೆ ಕಾದು ಕೂತಿದ್ದರು. ಅಜ್ಜ ಕಟ್ಟೆಯಿಂದ ಇಳಿದು, ನನ್ನನ್ನು ಬನ್ನಿ ಎಂದು ಕರೆದು, ಸ್ವಲ್ಪ ದೂರ ನಡೆಸಿಕೊಂಡು ಹೋಗಿ, ಕೋಲಿನ ತುದಿಯಿಂದ ಒಂದು ಬೂದುಬಣ್ಣದ ಕೂಳೆಯ ಬುಡ ಕೆದಕಿದರು. ಬೆರಳಲ್ಲಿ ಮಣ್ಣು ಸರಿಸಿ, ಕೂಳೆಯನ್ನು ಸೀಳಿ ತೋರಿಸಿದರು. ಒಳಗೆ ಬಿಳಿ, ಅಂಚಿಗೆ ಎಳೆ ಹಸಿರು. ತೇವ ಕೂಡ ಇತ್ತು. “ಸತ್ತಿಲ್ಲ, ಮಲಗೈತೆ,” ಅಂದರು.

ಆ ಬಿಳಿ ಬುಡವನ್ನು ಕಣ್ಣಾರೆ ಕಂಡೂ ನಾನು ಒಪ್ಪಲಿಲ್ಲ. ಇದನ್ನು ಬರೆಯುವಾಗ ನನ್ನ ಕೈ ತಡೆಯುವುದು ಇಲ್ಲಿಯೇ. ಗೊತ್ತಿಲ್ಲದೆ ಮಾಡಿದ ತಪ್ಪನ್ನು ಹೇಳಿಕೊಳ್ಳಬಹುದು. ಗೊತ್ತಾದ ಮೇಲೂ ಹಿಡಿದ ಹಟವನ್ನು ಹೇಳಿಕೊಳ್ಳುವುದು ಕಷ್ಟ. ಒಂದು ಬುಡ ನೋಡಿ ಹೇಳಲಾಗುವುದಿಲ್ಲ ಅಜ್ಜ, ವೈಜ್ಞಾನಿಕವಾಗಿ ಅಳತೆ ಮಾಡಿದ್ದೇವೆ ಎಂದೆ. ಅವರು ಕೈ ಒರೆಸಿಕೊಂಡು, “ಆಯ್ತು ಬಿಡಿ, ಓದಿದೋರು,” ಎಂದು ವಾಪಸು ನಡೆದರು. ಆ ‘ಓದಿದೋರು’ ಎನ್ನುವುದರಲ್ಲಿ ಕುಹಕ ಇರಲಿಲ್ಲ. ನಿಜವಾಗಿಯೂ ಬಿಟ್ಟುಕೊಟ್ಟ ದನಿ ಅದು.

ಮೇ ಮೊದಲ ವಾರದಲ್ಲಿ ಕಾವಲಿಗೆ ಕುರಿ ಬಿಡುವುದು ನಿಂತಿತು. ಯಾರನ್ನೂ ನಾನು ದೂರುವುದಿಲ್ಲ. ವರದಿ ಬರೆದವನು ನಾನು, ನಂಬಿದವರು ನಂಬಿದರು. ಅದೇ ವಾರ ಭರಣಿ ಮಳೆ ಸುರಿಯಿತು, ಬೆನ್ನಿಗೇ ಕೃತ್ತಿಕೆಯೂ ಕೈಬಿಡಲಿಲ್ಲ. ನಾನು ಆಗ ಮನೆಯಲ್ಲಿದ್ದೆ, ತೋಟದ ಕೆಲಸಕ್ಕೆಂದು. ಮತ್ತೆ ಕಾವಲಿಗೆ ಹೋದದ್ದು ಜುಲೈನಲ್ಲಿ.

ಜೀಪಿನಿಂದ ಇಳಿದವನು ಹಾಗೇ ನಿಂತುಬಿಟ್ಟೆ. ನಾನು ಕೆಂಪು ಬಳಿದ ನೆಲ ಪೂರ್ತಿ ಹುಲ್ಲಾಗಿತ್ತು. ನಮ್ಮ ದೇವರಮನೆಯ ಹಾಗೆ ಎದೆಯೆತ್ತರದ್ದಲ್ಲ. ಪಾದ ಮುಚ್ಚುವಷ್ಟು, ಕೆಲವು ಕಡೆ ಮೊಣಕಾಲಿನವರೆಗೆ. ಬುಡಬುಡವಾಗಿ, ನಡುವೆ ಮಣ್ಣು ಬಿಟ್ಟುಕೊಂಡು ಬೆಳೆದಿತ್ತು. ಅಷ್ಟು ಕಡಿಮೆ ಮಳೆಯ ಸೀಮೆಯಲ್ಲಿ ಹುಲ್ಲು ಹಾಗೆಯೇ ನಿಲ್ಲಬೇಕು. ಬುಡಗಳ ನಡುವಿನ ಆ ಬರಿಮಣ್ಣು ಗಾಯವಲ್ಲ, ಪ್ರತಿ ಬುಡವೂ ಬೇರು ಚಾಚಿ ನೀರು ಹೀರಿಕೊಳ್ಳುವ ಅಂಗಳ. ಅದರೊಳಗೆ ಒಂದೆರಡು ಕೃಷ್ಣಮೃಗದ ಹೆಣ್ಣುಗಳು ತಲೆಯೆತ್ತಿ ನನ್ನನ್ನು ನೋಡಿ ಮತ್ತೆ ಮೇಯತೊಡಗಿದವು. ಈ ಸಲ ಜಾತಿ ಗುರುತಿಸಬಹುದಿತ್ತು. ನಾನು ಪುಸ್ತಕದಲ್ಲಷ್ಟೇ ನೋಡಿದ್ದ ಸೆಹಿಮಾ ಅಲ್ಲಿತ್ತು. ಬಟ್ಟೆಗೆ ಚುಚ್ಚಿಕೊಳ್ಳುವ ಈಟಿಯಂಥ ಬೀಜದ ಹುಲ್ಲು, ಹೆಟೆರೊಪೋಗಾನ್, ಅದೂ ಇತ್ತು. ಅದರ ಬೀಜಕ್ಕೊಂದು ತಿರುಚಿದ ಬಾಲ ಇರುತ್ತದೆ. ತೇವ ತಗುಲಿದರೆ ಬಾಲ ಬಿಚ್ಚಿಕೊಳ್ಳುತ್ತದೆ, ಒಣಗಿದರೆ ಮತ್ತೆ ಹುರಿಗೊಳ್ಳುತ್ತದೆ. ಹಾಗೆ ತಿರುಗುತ್ತಾ ಬೀಜ ತಾನೇ ನೆಲವನ್ನು ಕೊರೆದು ಒಳಗೆ ಇಳಿಯುತ್ತದೆ. ನಾನು ಏಪ್ರಿಲಿನಲ್ಲಿ ಬರಿನೆಲ ಎಂದು ಬರೆದುಕೊಂಡು ಮೆಟ್ಟಿ ನಡೆದ ಮಣ್ಣಿನೊಳಗೆ ಇವೆಲ್ಲ ಇಳಿದು ಕೂತಿದ್ದವು.

ಕಟ್ಟೆಯ ಸುತ್ತ ಮಾತ್ರ ಈಗಲೂ ಮಣ್ಣು. ಅದು ಹಾಗಿರಲೇಬೇಕು. ನೀರಿನ ತಾಣದ ಸುತ್ತ ಗೊರಸಿನಿಂದ ಸವೆದ ವೃತ್ತ ಇರುತ್ತದೆ, ಹೊರಗೆ ಹೋದ ಹಾಗೆ ಹುಲ್ಲು ಹೆಚ್ಚುತ್ತದೆ ಎಂದು ಲ್ಯಾಂಗ್ ಎಂಬ ವಿಜ್ಞಾನಿ ಆಸ್ಟ್ರೇಲಿಯಾದ ಕುರಿ ಬಯಲುಗಳಲ್ಲಿ ಹೆಜ್ಜೆದಾರಿ ಮತ್ತು ಹಿಕ್ಕೆಗಳನ್ನು ಎಣಿಸಿ 1969ರಲ್ಲೇ ಬರೆದಿದ್ದ. ಆ ವೃತ್ತಕ್ಕೆ ಒಂದು ಹೆಸರನ್ನೂ ಇಟ್ಟಿದ್ದ. ನಾನು ಅದನ್ನು ಪರೀಕ್ಷೆಗೆ ಓದಿ ಐದು ಅಂಕ ತೆಗೆದುಕೊಂಡವನು. ಲ್ಯಾಂಗ್ ಹೇಳಿದ್ದನ್ನೇ ಅಜ್ಜ ಮನೆ ಬಾಗಿಲಿನ ಮಾತಿನಲ್ಲಿ ಹೇಳಿದಾಗ ನನ್ನ ಕಿವಿಗೆ ಬೀಳಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಇದು ಮಳೆ ಬಂದು ನನ್ನನ್ನು ತಿದ್ದಿದ ಕಥೆಯಾಗುತ್ತಿತ್ತು. ಅಲ್ಲಿಂದ ರಸ್ತೆ ಬದಿಯ ಹಸಿರು ಮೂಲೆಗೆ ಹೋದೆ.

ಆ ಹಳದಿ ಹೂವಿನ ಪೊದೆ ತಂಗಡಿ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ. ತಂಗಡಿಯನ್ನು ಆಡೂ ಮೂಸಿ ಮುಂದೆ ಹೋಗುವುದನ್ನು ನಾನು ಆ ಮಧ್ಯಾಹ್ನ ನೋಡಿದೆ. ಕಡ್ಡಿಯಂಥ ಹುಲ್ಲು, ಪೊರಕೆ ಕಟ್ಟುವ ಹಂಚಿಕಡ್ಡಿ. ಅದನ್ನೂ ಕುರಿ ಬೇರೆ ಗತಿ ಇಲ್ಲದಿದ್ದರೆ ಮಾತ್ರ ಬಾಯಿಗೆ ಹಾಕುತ್ತದೆ. ಏಪ್ರಿಲಿನಲ್ಲೂ ಅಲ್ಲಿ ಹಸಿರು ಉಳಿದಿದ್ದದ್ದು ಯಾವ ಪ್ರಾಣಿಗೂ ಅದು ಬೇಡವಾಗಿದ್ದರಿಂದ. ಅಮೆರಿಕದ ಡೈಕ್‌ಸ್ಟರ್‌ಹ್ಯೂಸ್ 1949ರಲ್ಲಿ ಹುಲ್ಲುಗಾವಲಿನ ಗಿಡಗಳನ್ನು ಮೂರಾಗಿ ವಿಂಗಡಿಸಿದ್ದ: ಮೇಯಿಸಿದಂತೆ ಕಡಿಮೆಯಾಗುವವು, ಮೇಯಿಸಿದಂತೆ ಹೆಚ್ಚಾಗುವವು, ಕೊನೆಗೆ ಹೊರಗಿನಿಂದ ನುಗ್ಗುವವು. ಮೊದಲಿನವು ಪ್ರಾಣಿಗಳಿಗೆ ರುಚಿ, ಆದ್ದರಿಂದ ಮೊದಲು ಹೋಗುತ್ತವೆ. ಆ ಮೂಲೆಯಲ್ಲಿ ಮೊದಲಿನದು ಒಂದೂ ಉಳಿದಿರಲಿಲ್ಲ. ಎರಡನೆಯದೂ ಮೂರನೆಯದೂ ತುಂಬಿಕೊಂಡಿದ್ದವು. ಇಡೀ ಕಾವಲಿನಲ್ಲಿ ನಿಜವಾಗಿ ಕೆಟ್ಟಿದ್ದ ಜಾಗ ಅದೊಂದೇ. ನಾನು ಹಸಿರು ಹಚ್ಚಿದ್ದು ಅದಕ್ಕೇ.

ಅಲ್ಲಿಗೇ ಹಟ್ಟಿಯ ಕುರಿಗಳನ್ನು ಕಳಿಸಿ ಎಂದು ಬರೆದಿದ್ದೆ. ಕಳಿಸಿದ್ದರು. ಮೇ ತಿಂಗಳ ಮೊದಲ ಮಳೆಗೆ ಅಲ್ಲಿ ಅಳಿದುಳಿದ ಒಳ್ಳೆಯ ಹುಲ್ಲು ಚಿಗುರುವ ಹೊತ್ತಿಗೆ ಸರಿಯಾಗಿ ಸಾವಿರ ಬಾಯಿ ಅದರ ಮೇಲೆ ಬಿದ್ದವು. ಹುಲ್ಲು ಮೊದಲ ಎಲೆ ಬಿಡುವುದು ಬುಡದಲ್ಲೂ ಬೇರಿನಲ್ಲೂ ಕೂಡಿಟ್ಟ ಗಂಟಿನಿಂದ. ಆ ಎಲೆ ಬಿಸಿಲು ಕಾದು ಗಂಟನ್ನು ವಾಪಸು ತುಂಬುವ ಮೊದಲೇ ಕಚ್ಚಿದರೆ, ಮತ್ತೆ ಬಿಡಬೇಕು, ಮತ್ತೆ ಕಚ್ಚಿದರೆ ಗಂಟು ಖಾಲಿ. ಬೆಳೆದು ಬಲಿತ ಹುಲ್ಲನ್ನು ಮೇಯಿಸಿದರೆ ಅಷ್ಟು ಕೆಡುಕಿಲ್ಲ. ಅಲ್ಲಿ ಕೆಲವು ಬುಡಗಳು ಮಣ್ಣಿನ ಪುಟ್ಟ ಪೀಠಗಳ ಮೇಲೆ ಎದ್ದು ನಿಂತಿದ್ದವು. ಸುತ್ತಲ ಮಣ್ಣು ಎರಡು ಬೆರಳಿನಷ್ಟು ತೊಳೆದು ಹೋಗಿತ್ತು. ಆ ಪೀಠಗಳು ಏಪ್ರಿಲಿನಲ್ಲೂ ಇದ್ದಿರಬೇಕು. ಬಗ್ಗಿ ನೋಡಿರಲಿಲ್ಲ. ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಏಕೆ ವಿಂಗಡಿಸಿದ್ದರು ಎನ್ನುವುದು ಆ ಪೀಠಗಳ ಮುಂದೆ ಕುಕ್ಕರಗಾಲಲ್ಲಿ ಕೂತಾಗ ನನಗೆ ತಿಳಿಯಿತು. ಎಷ್ಟು ದನ ಎನ್ನುವುದಕ್ಕಿಂತ ಯಾವಾಗ, ಎಷ್ಟು ದಿನ ಎನ್ನುವುದನ್ನು ಅವರು ಕಾದಿದ್ದರು. ನನ್ನ ವರದಿಯಲ್ಲಿ ತಲೆಎಣಿಕೆ ಇತ್ತು, ಕಾಲ ಇರಲಿಲ್ಲ.

ಅಜ್ಜನ ಮನೆಗೆ ಹೋದೆ. ರೊಪ್ಪ ಅರ್ಧ ಖಾಲಿ ಇತ್ತು. ರಸ್ತೆ ಬದಿಯ ಮೂಲೆಯಲ್ಲಿ ಹೊಟ್ಟೆ ತುಂಬದೆ ಕುರಿಗಳು ಬಡಕಲಾಗಿ, ಕೊನೆಗೆ ನಲವತ್ತು ಹೆಣ್ಣು ಕುರಿ ಸಂತೆಗೆ ಹೊಡೆದರಂತೆ. ಎಲ್ಲರೂ ಮಾರಲು ಬಂದ ಸಂತೆಯಲ್ಲಿ ಬೆಲೆ ಏನು ಸಿಕ್ಕೀತು? ಅದನ್ನು ಅಜ್ಜ ಹೇಳಲಿಲ್ಲ, ಮೊಮ್ಮಗ ಹೇಳಿದ. ನಾನು ಜಗಲಿಯಲ್ಲಿ ಕೂತು ತಪ್ಪಾಯಿತು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಸೊಸೆಗೆ ಮಜ್ಜಿಗೆ ತರಲು ಹೇಳಿದರು. ಆಮೇಲೆ ಕೇಳಿದರು:

“ನಿಮ್ಮದು ಯಾವೂರು ಸಾಮಿ?”

“ಮೂಡಿಗೆರೆ ಕಡೆ. ದೇವರಮನೆ ಹತ್ರ.”

“ಗುಡ್ಡದ ಸೀಮೆ. ಅಲ್ಲಿ ಹುಲ್ಲು ಹೆಂಗೈತೆ?”

ಚೆನ್ನಾಗಿದೆ ಎಂದು ಹೇಳಲು ಬಾಯಿ ತೆರೆದೆ. ಹಸಿರಾಗಿದೆ ಎನ್ನುವುದಷ್ಟೇ ನನಗೆ ಗೊತ್ತಿದ್ದದ್ದು. ಗೊತ್ತಿಲ್ಲ ಅಜ್ಜ, ನೋಡಿಲ್ಲ ಎಂದೆ.

ಉಳಿದ ತಿಂಗಳುಗಳಲ್ಲಿ ಕೆಲಸವನ್ನು ಮೊದಲಿನಿಂದ ಮಾಡಿದೆ. ಕಟ್ಟೆಯಿಂದ ನಾಲ್ಕು ದಿಕ್ಕಿಗೂ ನೂರು ಹೆಜ್ಜೆಗೊಂದು ಚೌಕ, ಎರಡು ಕಿಲೋಮೀಟರ್ ದೂರದವರೆಗೆ. ಒಮ್ಮೆ ಜುಲೈನಲ್ಲಿ, ಒಮ್ಮೆ ತೆನೆ ಬಂದಾಗ, ಇನ್ನೊಮ್ಮೆ ಒಣಗಿದಾಗ. ಅಜ್ಜನ ಮೊಮ್ಮಗ ಜೊತೆಗೆ ಬರುತ್ತಿದ್ದ. ಹುಲ್ಲಿನ ಹೆಸರು ಅವನು ಒಂದು ಹೇಳುತ್ತಿದ್ದ, ನಾನು ಇನ್ನೊಂದು ಬರೆಯುತ್ತಿದ್ದೆ, ಕೊನೆಗೆ ಎರಡನ್ನೂ ಬರೆಯತೊಡಗಿದೆ. ಇನ್ನೂರು ಹೆಜ್ಜೆಯವರೆಗೆ ಮಣ್ಣು, ಐನೂರು ದಾಟಿದ ಮೇಲೆ ಬುಡಗಳು ಒತ್ತಾದವು, ಸಾವಿರದ ಆಚೆ ಕೆಲವು ಕಡೆ ಮೇಯದೆ ಬಿಟ್ಟ ಹಳೆಯ ಹುಲ್ಲು ಕರಿಗಟ್ಟಿ ಹೊಸದನ್ನು ಒತ್ತಿಕೊಂಡು ನಿಂತಿತ್ತು. ಮೇಯದಿರುವುದೂ ಒಂದು ಬಗೆಯ ಕೆಡುಕು ಎನ್ನುವುದು ನನಗೆ ಹೊಸದು. ಆಗಲೇ ಎಲ್ಲಿಸ್ ಮತ್ತು ಸ್ವಿಫ್ಟ್ 1988ರಲ್ಲಿ ಕೀನ್ಯಾದ ತುರ್ಕಾನಾ ಸೀಮೆಯ ಮೇಲೆ ಬರೆದದ್ದನ್ನು ಓದಿದೆ. ಮಳೆ ಅಷ್ಟು ಏರುಪೇರಾಗುವ ನೆಲದಲ್ಲಿ ಹುಲ್ಲಿನ ಏರಿಳಿತವನ್ನು ಹೆಚ್ಚಾಗಿ ಆಳುವುದು ದನದ ಸಂಖ್ಯೆಯಲ್ಲ, ಬರ ಎಂದು ಅವರು ವಾದಿಸಿದ್ದರು. ಅದನ್ನು ಪೂರ್ತಿಯಾಗಿ ಒಪ್ಪಲು ನನಗೆ ಇಂದಿಗೂ ಆಗುವುದಿಲ್ಲ, ರಸ್ತೆ ಬದಿಯ ಆ ಮೂಲೆ ಕಣ್ಣ ಮುಂದೆ ಬರುತ್ತದೆ. ಹುಲ್ಲುಗಾವಲು ಎಂದೂ ಮೇಯಿಸಿ ಕೆಡುವುದಿಲ್ಲ ಎನ್ನುವುದು ನನ್ನ ಮೊದಲ ತಪ್ಪನ್ನೇ ತಲೆಕೆಳಗು ಮಾಡಿ ಹೇಳಿದ ಹಾಗೆ.

ಎರಡನೆಯ ವರದಿಯ ಮೊದಲ ಪುಟದಲ್ಲೇ ಹಿಂದಿನದು ತಪ್ಪು ಎಂದು ಬರೆದೆ. ಏಕೆ ತಪ್ಪು, ಎಲ್ಲಿ ನಿಂತು ಅಳೆದೆ, ಯಾವ ತಿಂಗಳು ಅಳೆದೆ ಎಂದೂ ಬರೆದೆ. ಆ ಪುಟ ಬರೆಯಲು ಇಡೀ ವರದಿಗಿಂತ ಹೆಚ್ಚು ದಿನ ಹಿಡಿಯಿತು. ಕಾವಲು ಮತ್ತೆ ತೆರೆಯಿತು, ರಸ್ತೆ ಬದಿಯ ಮೂಲೆಗೆ ಮೊದಲ ಮಳೆಯ ನಂತರ ಆರು ವಾರ ಕುರಿ ಬಿಡುವುದು ಬೇಡ ಎಂದು ಹಟ್ಟಿಯವರೇ ಮಾತಾಡಿಕೊಂಡರು. ಮಾರಿದ ನಲವತ್ತು ಕುರಿ ವಾಪಸು ಬರಲಿಲ್ಲ. ಅಜ್ಜ ತೀರಿಕೊಂಡ ಸುದ್ದಿ ನನಗೆ ಬಹಳ ತಡವಾಗಿ ಮುಟ್ಟಿತು.

ಅವರ ಪ್ರಶ್ನೆಗೆ ಉತ್ತರ ಹುಡುಕಲು ನಾನು ದೇವರಮನೆ ಗುಡ್ಡ ಹತ್ತಿದ್ದು ಊರಿಗೆ ಮರಳಿದ ಮೇಲೆ. ಗುಡಿಯ ಹಿಂದಿನ ಇಳಿಜಾರು ದೂರದಿಂದ ಎಂದಿನಂತೆ ಹಸಿರು. ಹತ್ತಿರ ಹೋಗಿ ಮಂಡಿಯೂರಿದೆ. ವಾರದ ಕೊನೆಗೆ ಬರುವ ಗಾಡಿಗಳ ಚಕ್ರ ಹೋದಲ್ಲಿ ಮಣ್ಣು ಒಲೆಕಟ್ಟೆಯ ಹಾಗೆ ಬಿಗಿದಿತ್ತು, ಕಡ್ಡಿ ಚುಚ್ಚಿದರೆ ಇಳಿಯುತ್ತಿರಲಿಲ್ಲ. ಅದರ ಕೆಳಗೆ ಜರೀಗಿಡ ಹಬ್ಬಿತ್ತು. ಕೈಯಲ್ಲಿ ಉಜ್ಜಿದರೆ ನಿಂಬೆಯ ವಾಸನೆ ಬರುವ, ದನ ತಿನ್ನದ ಹುಲ್ಲು ಹೆಚ್ಚಾಗಿತ್ತು. ತೋಟದ ಅಂಚಿನಿಂದ ಲಂಟಾನ ಮೇಲಕ್ಕೆ ಹತ್ತುತ್ತಿತ್ತು. ಹಾಗೆಂದು ಇಡೀ ಗುಡ್ಡ ಕೆಟ್ಟಿದೆ ಎಂದು ಹೇಳಲಾರೆ. ಒಂದು ಇಳಿಜಾರು ನೋಡಿದ್ದೇನೆ, ಒಂದು ತಿಂಗಳಲ್ಲಿ ನೋಡಿದ್ದೇನೆ.

ಇಳಿಯುವಾಗ ದಾರಿಯಲ್ಲಿ ದೊಡ್ಡವ್ವ ಸಿಕ್ಕಿದರು. ನಮ್ಮ ಕಡೆ ಇನ್ನೂ ಗಿಡ್ಡ ದನ ಸಾಕುವವರು ಬೆರಳೆಣಿಕೆಯ ಮಂದಿ, ಅವರಲ್ಲಿ ಅವರೊಬ್ಬರು. ಆರು ದನ ಮುಂದೆ ಹೋಗುತ್ತಿದ್ದವು. ಗುಡ್ಡದ ಕಡೆಗಲ್ಲ, ಕೆಳಗಿನ ಹಡ್ಲಿನ ಕಡೆಗೆ.

“ಮೇಲೆ ಅಷ್ಟು ಹುಲ್ಲಿದೆಯಲ್ಲ ದೊಡ್ಡವ್ವ, ಗುಡ್ಡಕ್ಕೆ ಬಿಡೋದಿಲ್ವಾ?”

“ಬಿಟ್ರೂ ಹೋಗಲ್ಲ ಮಗ. ಗುಡಿ ಹಿಂದಕ್ಕೆ ಎರಡು ವರ್ಷದಿಂದ ಅವು ಕಾಲೇ ಹಾಕಿಲ್ಲ.”

ಹೊಸ ಪುಸ್ತಕವೊಂದು ಜೇಬಿನಲ್ಲಿತ್ತು. ಅಲ್ಲೇ ಕಲ್ಲಿನ ಮೇಲೆ ಕೂತು, ತಾರೀಕು ಹಾಕಿ, ಮೊದಲ ಸಾಲಾಗಿ ಅದನ್ನು ಬರೆದುಕೊಂಡೆ.